ಕೋಕಿಲಾ ಮಿಸ್ಸಿನ ಐದೂವರೆ ಮನೆ

ಕೋಕಿಲಾ ಮಿಸ್‌ಗೆ ಪಿಯಾನೋದ ಹುಚ್ಚು ತಾನಾಗಿ ಹಿಡಿದದ್ದಲ್ಲ, ಹಿಡಿಸಿದ್ದು. ಹಿಡಿಸಿದವಳು ಬಸವನಗುಡಿಯ ಆ ಖಾಸಗಿ ಶಾಲೆಯ ಹೊಸ ಪ್ರಿನ್ಸಿಪಾಲ್ ಆರಾಧನಾ. ಶಾಲೆ ಕಟ್ಟಿದ ಹಿರಿಯರ ಮೊಮ್ಮಗಳು. ಕೆಟ್ಟವಳೇನಲ್ಲ, ಮಾತು ಬೆಣ್ಣೆ. ಹೋದ ವರ್ಷದ ಏಪ್ರಿಲ್‌ನಲ್ಲಿ ಕೋಕಿಲಾ ಅವರನ್ನು ಎದುರಿಗೆ ಕೂರಿಸಿಕೊಂಡು ಆ ಬೆಣ್ಣೆ ಮಾತಿನಲ್ಲೇ ಕುತ್ತಿಗೆಗೆ ಕತ್ತಿ ಇಟ್ಟಳು. ಪೋಷಕರೆಲ್ಲ ಪಿಯಾನೋ ಬೇಕು ಎನ್ನುತ್ತಿದ್ದಾರೆ, ಸಂಗೀತಕ್ಕೆಂದು ಇಬ್ಬರು ಟೀಚರ್‌ಗಳನ್ನು ಇಟ್ಟುಕೊಳ್ಳಲು ಆಗುವುದಿಲ್ಲ, ವರ್ಷದೊಳಗೆ ಲಂಡನ್ನಿನ ಸಂಗೀತ ಮಂಡಳಿಯ ಮೊದಲ ಗ್ರೇಡ್ ಪಿಯಾನೋ ಪರೀಕ್ಷೆ ಪಾಸು ಮಾಡಿದರೆ ನೀವೇ ಇರಿ, ಇಲ್ಲದಿದ್ದರೆ ಬರುವ ವರ್ಷ ಜೂನ್‌ಗೆ ಬೇರೆಯವರು ಬರುತ್ತಾರೆ ಎಂದಳು.

ಐವತ್ತು ದಾಟಿದ ಹೆಂಗಸಿಗೆ ಹೇಳುವ ಮಾತೇ ಇದು? ಕೋಕಿಲಾ ಆ ಶಾಲೆಗೆ ಹಾಡಿನ ಟೀಚರ್ ಆಗಿ ಸೇರಿದಾಗ ಇದೇ ಆರಾಧನಾ ಎರಡು ಜಡೆ ಹಾಕಿಕೊಂಡು ಪ್ರಾರ್ಥನೆಯ ಸಾಲಿನಲ್ಲಿ ನಿಂತು ಅಪಸ್ವರದಲ್ಲಿ ಕಿರುಚುತ್ತಿದ್ದಳು. ಅವಳ ಬಾಯಿಗೂ ಸ್ವರ ಹಾಕಿದವರು ಕೋಕಿಲಾನೇ. ದೇವರನಾಮ, ಭಾವಗೀತೆ, ನಾಡಗೀತೆ ಎಂದು ಎಷ್ಟು ಮಕ್ಕಳಿಗೆ ಹೇಳಿಕೊಟ್ಟರೋ ಲೆಕ್ಕ ಇಟ್ಟವರಿಲ್ಲ. ಈ ವಯಸ್ಸಿನಲ್ಲಿ ಬರೀ ಹಾಡು ಹೇಳಿಕೊಡುವವಳನ್ನು ಇನ್ಯಾವ ಶಾಲೆ ಕರೆದು ಮಣೆ ಹಾಕೀತು? ಬೆಳಿಗ್ಗೆ ಎದ್ದರೆ ಹೋಗಲು ಒಂದು ಕ್ಲಾಸ್ ಇಲ್ಲ, ಎದುರಿಗೆ ಹಾಡುವ ಮಕ್ಕಳಿಲ್ಲ ಎಂಬುದನ್ನು ಅವರಿಂದ ನೆನೆಯಲೂ ಆಗಲಿಲ್ಲ. ಹೂಂ ಎಂದು ಎದ್ದು ಬಂದರು.

ಗಂಡ ಸತೀಶ್ ಕಾಟನ್‌ಪೇಟೆಯ ಒಂದು ಸಗಟು ಬಟ್ಟೆ ಅಂಗಡಿಯ ಮ್ಯಾನೇಜರ್. ಯಾರೋ ಮಾರಲು ಇಟ್ಟಿದ್ದ ಕೀಬೋರ್ಡ್ ಒಂದನ್ನು ಆಟೋದಲ್ಲಿ ಹೊತ್ತು ತಂದು, ಹಾಡ್ತಾ ಹಾಡ್ತಾ ರಾಗ, ಬಂದೇ ಬರುತ್ತೆ ಬಿಡೇ ಎಂದು ಧೈರ್ಯ ಹೇಳಿದರು. ಆ ಗಾದೆಯ ಉಳಿದರ್ಧ ನರಳ್ತಾ ನರಳ್ತಾ ರೋಗ. ಪುಣ್ಯಾತ್ಮ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಕೀಬೋರ್ಡ್ ಬಂದ ದಿನವೇ ಎಡವಟ್ಟು ಆಗಿಹೋಯಿತು. ಆಗಿದೆ ಎಂದು ಯಾರಿಗೂ ತಿಳಿಯಲಿಲ್ಲ, ಅಷ್ಟೆ. ನಮ್ಮ ಹಾಡುವವರ ಲೆಕ್ಕದಲ್ಲಿ ಹಾರ್ಮೋನಿಯಂನ ಒಂದೊಂದು ಪಟ್ಟಿಯೂ ಒಂದೊಂದು ಮನೆ, ನಡುನಡುವಿನ ಕಪ್ಪು ಪಟ್ಟಿಗಳು ಅರ್ಧದ ಮನೆಗಳು. ಯಾರ ಗಂಟಲಿನ ‘ಸ’ ಯಾವ ಪಟ್ಟಿಯಲ್ಲಿ ಕೂರುತ್ತದೋ ಅದು ಅವರ ಮನೆ, ಅದೇ ಅವರ ಶ್ರುತಿ. ಕೋಕಿಲಾ ಅವರದು ಐದೂವರೆ ಮನೆ. ಲಂಗ ಹಾಕುವ ವಯಸ್ಸಿನಲ್ಲಿ ಚಾಮರಾಜಪೇಟೆಯ ಗುರು ಕಲ್ಯಾಣಮ್ಮ ಗೊತ್ತುಮಾಡಿಕೊಟ್ಟದ್ದು. ಅಂದಿನಿಂದ ಅವರು ಬೇರೆ ಮನೆಯ ಹೊಸಿಲು ತುಳಿದವರಲ್ಲ. ಕೀಬೋರ್ಡಿನ ನಡುವಿನ ಬಿಳಿ ಪಟ್ಟಿ ಒತ್ತಿದರೆ ಒಂದು ಮನೆ ಕೇಳಿಸಿತು. ಅದು ಗಂಡಸರು ಹಾಡುವ ಶ್ರುತಿ. ಕೋಕಿಲಾ ಮುಖ ಸಿಂಡರಿಸಿದರು. ಆ ಪೆಟ್ಟಿಗೆಯಲ್ಲಿ ಶ್ರುತಿಯನ್ನು ಮೇಲೆ ಕೆಳಗೆ ಮಾಡುವ ಗುಂಡಿಯೂ ಇತ್ತು. ಅದನ್ನು ಒತ್ತುತ್ತಾ ಹೋಗಿ, ಅದೇ ಬಿಳಿ ಪಟ್ಟಿ ತಮ್ಮ ಐದೂವರೆ ಮನೆಯನ್ನು ನುಡಿಯುವಂತೆ ಮಾಡಿಕೊಂಡು, ಸಮಾಧಾನದಿಂದ ಪುಸ್ತಕ ತೆರೆದರು. ಮೊದಲು ಶ್ರುತಿ, ಆಮೇಲೆ ಮಿಕ್ಕಿದ್ದು. ಪ್ರತಿದಿನವೂ ಹಾಗೇ ಮಾಡಿದರು. ಪಿಯಾನೋ ಮೇಷ್ಟ್ರಿಗೆ ಇದನ್ನು ಹೇಳಲಿಲ್ಲ. ಅನ್ನಕ್ಕಿಡುವ ಮುಂಚೆ ಅಕ್ಕಿ ತೊಳೆದೆ ಎಂದು ಯಾರಾದರೂ ಹೇಳುತ್ತಾರೆಯೇ?

ಮೇಷ್ಟ್ರು ಎಂದರೆ ತ್ಯಾಗರಾಜನಗರದ ಅಭಿನಂದನ್, ಅಕ್ಕನ ಮಗನ ವಯಸ್ಸಿನ ಹುಡುಗ. ಇವರು ಅವನನ್ನು ಸರ್ ಎನ್ನುವುದು, ಅವನು ಇವರನ್ನು ಮೇಡಂ ಎನ್ನುವುದು. ಅವನ ಮನೆಯ ದೊಡ್ಡ ಮರದ ಪಿಯಾನೋದ ಮುಂದೆ ಕೂತರೆ ಸಾಕು, ಮನೆಯಲ್ಲಿ ನೀರಿನಂತೆ ಹರಿದದ್ದೆಲ್ಲ ಕಟ್ಟಿಕೊಳ್ಳುತ್ತಿತ್ತು. ಬೆರಳು ಒಂದು ಕಡೆ, ಕಿವಿ ಒಂದು ಕಡೆ. ನಿಮ್ಮ ಪಿಯಾನೋ ಯಾಕೋ ಸರಿಯಿಲ್ಲ ಸರ್ ಎಂದು ಒಮ್ಮೆ ಹೇಳಿಯೂ ನೋಡಿದರು. ಕುಣಿಯಲಾರದವಳಿಗೆ ನೆಲ ಡೊಂಕು ಎಂಬುದು ಆ ಹುಡುಗನ ಮುಖದ ಮೇಲೆ ಬರೆದಿತ್ತು. ಮೇಡಂ ಮನೆಯಲ್ಲಿ ಅಭ್ಯಾಸ ಮಾಡುತ್ತಿಲ್ಲ ಎಂದು ಅವನು ತಿಳಿದ, ನನಗೆ ಹೆದರಿಕೆ ಎಂದು ಇವರು ತಿಳಿದರು. ವರ್ಷವೆಲ್ಲ ಹೀಗೇ ಕಳೆಯಿತು.

ಯುಗಾದಿಯ ಹಿಂದಿನ ಸಂಜೆ ಅಭಿನಂದನ್ ಮಾವಿನ ಸೊಪ್ಪು, ಬೇವಿನ ಹೂವು ತರಲು ಗಾಂಧಿ ಬಜಾರ್‌ಗೆ ಬಂದವನು, ನೂಕುನುಗ್ಗಲು ತಪ್ಪಿಸಿಕೊಳ್ಳಲು ಕೋಕಿಲಾ ಅವರ ಮನೆಯಿರುವ ಅಡ್ಡರಸ್ತೆ ಹಿಡಿದ. ಕಿಟಕಿಯಿಂದ ಪರೀಕ್ಷೆಯ ಮೊದಲ ಪಾಠ ಕೇಳಿಸುತ್ತಿತ್ತು. ಒಂದು ತಪ್ಪಿಲ್ಲ, ಒಂದು ತಡವರಿಕೆಯಿಲ್ಲ. ನಿಂತು ಕೇಳಿದ. ಕೇಳುತ್ತ ಕೇಳುತ್ತ ಅವನ ಹುಬ್ಬು ಗಂಟಾಯಿತು. ಕೈಯಲ್ಲಿ ಮಾವಿನ ಸೊಪ್ಪು ಹಿಡಿದುಕೊಂಡೇ ಬಾಗಿಲು ತಟ್ಟಿದ.

"ಮೇಡಂ, ಇದನ್ನ ಯಾವ ಶ್ರುತೀಲಿ ನುಡಿಸ್ತಿದೀರಾ?"

"ನನ್ನ ಶ್ರುತೀಲಿ. ಯಾಕೆ ಸರ್?"

ಅವನು ಬಂದು ಗುಂಡಿ ನೋಡಿದ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದ. ಮೊದಲ ದಿನದಿಂದ ಎಂದರು. ಹುಡುಗ ಅಲ್ಲೇ ದಿವಾನದ ಮೇಲೆ ಕುಸಿದು ಕೂತ. ಬೈದಿದ್ದರೆ ಪರವಾಗಿರಲಿಲ್ಲ, ಅವನು ಬೈಯಲಿಲ್ಲ. ಒಂದು ಸಲವಾದರೂ ನಾನೇ ಇಲ್ಲಿ ಬಂದು ಕೇಳಬೇಕಿತ್ತು ಎಂದು ತನ್ನನ್ನೇ ಹಳಿದುಕೊಂಡ. ಆಮೇಲೆ ನಿಧಾನವಾಗಿ ಹೇಳಿದ:

"ಪರೀಕ್ಷೆ ಹಾಲ್‌ನಲ್ಲಿರೋದು ಮರ, ತಂತಿಯ ಪಿಯಾನೋ. ಅದಕ್ಕೆ ಗುಂಡಿ ಇಲ್ಲ ಮೇಡಂ. ಅದು ನಿಮ್ಮನೇಗೆ ಬರಲ್ಲ, ನೀವೇ ಅದರ ಮನೇಗೆ ಹೋಗ್ಬೇಕು."

ಪರೀಕ್ಷೆಗೆ ಎರಡು ವಾರವೂ ಇರಲಿಲ್ಲ.

ಗುಂಡಿಯನ್ನು ಮೊದಲಿನ ಜಾಗಕ್ಕೆ ತಂದಾಯಿತು. ಕಿವಿಯನ್ನು ತರುವವರು ಯಾರು? ತಲೆಯೊಳಗೆ ಐದೂವರೆ ಮನೆ ಬೇರುಬಿಟ್ಟು ಕೂತಿರುವವರಿಗೆ ಒಂದು ಮನೆಯ ನಾದ ‘ಗ’ ಎಂದು ಕೇಳಿಸುತ್ತದೆ. ಬೆರಳು ‘ಸ’ ಒತ್ತುತ್ತಿತ್ತು, ಕಿವಿ ‘ಗ’ ಎನ್ನುತ್ತಿತ್ತು. ತಪ್ಪಿತು ಎಂದು ಕೈ ತಾನಾಗಿ ಪಕ್ಕಕ್ಕೆ ಓಡುತ್ತಿತ್ತು, ಅಲ್ಲಿಗೆ ಎಲ್ಲ ಎಕ್ಕುಟ್ಟಿ ಹೋಗುತ್ತಿತ್ತು. ಹಬ್ಬದ ಒಬ್ಬಟ್ಟು ಕಾವಲಿಯ ಮೇಲೆ ಕರಕಲಾಯಿತು. ಕೋಸಂಬರಿಗೆ ಉಪ್ಪು ಬೀಳಲಿಲ್ಲ, ಸತೀಶ್ ಹಾಗೇ ತಿಂದು ಎದ್ದರು. ಕೋಕಿಲಾ ಕಿವಿಗೆ ಹತ್ತಿ ತುರುಕಿಕೊಂಡೂ ನೋಡಿದರು. ಬೆರಳು ಸರಾಗವಾಗಿ ಓಡಿತು. ಆದರೆ ಕಿವುಡಿಯಾಗಿ ಪರೀಕ್ಷೆಗೆ ಹೋಗಲು ಆಗುತ್ತದೆಯೇ? ಕೇಳಿ ಹಾಡುವ ಪರೀಕ್ಷೆ ಬೇರೆ ಇತ್ತು.

ಕೊನೆಗೆ ಅಭಿನಂದನ್ ಕಟ್ಟಾಜ್ಞೆ ಮಾಡಿದ. ಪರೀಕ್ಷೆ ಮುಗಿಯುವ ತನಕ ತಂಬೂರಿ ಪೆಟ್ಟಿಗೆ ಹಾಕಕೂಡದು, ಐದೂವರೆಯಲ್ಲಿ ಒಂದು ಸಾಲೂ ಹಾಡಕೂಡದು, ಗುನುಗಲೂ ಕೂಡದು. ಶಾಲೆಯಲ್ಲಿ ಮಕ್ಕಳ ವಾರ್ಷಿಕ ಪರೀಕ್ಷೆ ನಡೆದಿತ್ತು, ಹಾಡಿನ ಕ್ಲಾಸ್ ಇರಲಿಲ್ಲ, ಅದೊಂದು ಪುಣ್ಯ. ಆದರೆ ಸಂಜೆ ದೀಪ ಹಚ್ಚಿದಾಗ ಬಾಯಿ ತೆರೆಯದೆ ಕೈಮುಗಿದು ನಿಂತರಲ್ಲ, ಆಗ ಕೋಕಿಲಾಗೆ ಅಳು ತಡೆಯಲಾಗಲಿಲ್ಲ. ಹಾಡು ಉಳಿಸಿಕೊಳ್ಳಲು ಹಾಡನ್ನೇ ಬಿಡಬೇಕಾಯಿತಲ್ಲ, ಇದ್ಯಾವ ನ್ಯಾಯ ಎಂದು ದೇವರನ್ನು ಬೈದರು. ಆರಾಧನಾಳನ್ನೂ ಬೈದರು. ಮತ್ತೆ ಹೋಗಿ ಕೀಬೋರ್ಡಿನ ಮುಂದೆ ಕೂತರು.

ಪರೀಕ್ಷೆ ಇದ್ದದ್ದು ಕಂಟೋನ್ಮೆಂಟ್ ಕಡೆಯ ಒಂದು ಸಂಗೀತ ಶಾಲೆಯಲ್ಲಿ. ಹೊರಗೆ ಬೆಂಚಿನ ತುಂಬ ಮಕ್ಕಳು. ಪಕ್ಕದಲ್ಲಿ ಕೂತಿದ್ದ ತಾಯಿಯೊಬ್ಬಳು ನಿಮ್ಮ ಮೊಮ್ಮಗು ಯಾವುದು ಆಂಟಿ ಎಂದು ವಿಚಾರಿಸಿದಳು. ನಾನೇ ಎಂದರು ಕೋಕಿಲಾ. ಆಕೆ ಆಮೇಲೆ ಮೊಬೈಲ್ ನೋಡತೊಡಗಿದಳು.

ಒಳಗೆ ಪರೀಕ್ಷಕಿ ಒಬ್ಬರೇ. ಎಲ್ಲೋ ದೂರದ ದೇಶದಿಂದ ಬಂದ ನರೆಗೂದಲಿನ ಹೆಂಗಸು. ಮೊದಲ ಪಾಠ ಶುರುವಾಯಿತು. ನಾಲ್ಕು ಸ್ವರ ಸರಿಯಾಗಿ ಬಿದ್ದವು. ಐದನೆಯದಕ್ಕೆ ಕಿವಿ ಒಳಗಿನಿಂದ ‘ಗ’ ಎಂದಿತು, ಬಲಗೈ ಹಾರಿ ಕಪ್ಪು ಪಟ್ಟಿಯ ಮೇಲೆ ಬಿತ್ತು. ಕಿವಿಗೆ ಕಲ್ಲು ಹೊಡೆದ ಹಾಗಾಯಿತು. ನಿಲ್ಲಿಸಿದರು. ಪರೀಕ್ಷಕಿ ಏನೋ ಬರೆದುಕೊಂಡರು. ಮತ್ತೆ ಮೊದಲಿನಿಂದ ಹಿಡಿದರು, ಮತ್ತೆ ಅಲ್ಲೇ ಎಡವಿದರು. ಪೆನ್ನು ಮತ್ತೆ ಓಡಿತು. ಹೇಗೋ ದಡ ಮುಟ್ಟಿಸಿದರು. ಎರಡನೆಯ ಪಾಠ ಕುಂಟುತ್ತ ಹೋಯಿತು. ಮುಗಿಯಿತು, ಜೂನ್‌ಗೆ ಬೇರೆ ಯಾರೋ ಬರುತ್ತಾರೆ ಎಂದು ಮನಸ್ಸು ಕೂಗುತ್ತಿತ್ತು. ಮೂರನೆಯದಕ್ಕೆ ಕೈ ಇಡುವ ಮುಂಚೆ ಕೋಕಿಲಾ ಹಲ್ಲು ಕಚ್ಚಿ ತಮ್ಮ ಕಿವಿಗೆ ತಾವೇ ಗದರಿದರು: ಬಂದಿರುವುದು ಬೇರೆಯವರ ಮನೆಗೆ, ಕೂರು ಅಂದ ಕಡೆ ಕೂತುಕೋ. ಮೂರನೆಯದು ತಪ್ಪಿಲ್ಲದೆ ಮುಗಿಯಿತು. ಚೆನ್ನಾಗಿ ಬಂತು ಎನ್ನುವ ಹಾಗಿರಲಿಲ್ಲ.

ಕಡೆಗೆ ಉಳಿದದ್ದು ಕೇಳಿ ಹಾಡುವ ಪರೀಕ್ಷೆ. ಪರೀಕ್ಷಕಿ ಒಂದು ತುಣುಕು ನುಡಿಸುತ್ತಾರೆ, ಇವರು ಹಾಗೇ ತಿರುಗಿ ಹಾಡಬೇಕು. ಪರೀಕ್ಷಕಿ ನುಡಿಸಿದರು. ಕೋಕಿಲಾ ಬಾಯಿ ತೆರೆದರು. ಇಷ್ಟು ದಿನ ಮುಚ್ಚಿದ್ದ ಗಂಟಲಿಗೆ ಬಾಯಾರಿಕೆಯಾಗಿತ್ತು, ಯಾರ ಮನೆಯ ನೀರಾದರೂ ಸರಿ. ಪಿಯಾನೋ ಕೊಟ್ಟ ಸ್ವರದ ಮೇಲೇ ದನಿ ಹೋಗಿ ಕೂತಿತು. ಗಮಕವಿಲ್ಲ, ಓಲಾಟವಿಲ್ಲ, ಬೋಳು ಸ್ವರ. ಎರಡನೆಯ ತುಣುಕು ಇನ್ನೂ ಕೆಳಗಿಳಿಯಿತು, ಅವರ ದನಿಯೂ ಇಳಿಯಿತು. ಮೂರನೆಯದಕ್ಕೆ ಪರೀಕ್ಷಕಿಯ ಪೆನ್ನು ನಿಂತಿತ್ತು. ಆಮೇಲಿನ ಪ್ರಶ್ನೆಗಳಿಗೆಲ್ಲ ಅವರು ಕೇಳಿ ಮುಗಿಸುವಷ್ಟರಲ್ಲಿ ಕೋಕಿಲಾ ಉತ್ತರ ಹೇಳಿದ್ದರು.

ಪುಸ್ತಕ ಎತ್ತಿಕೊಂಡು ಏಳುವಾಗ ಪರೀಕ್ಷಕಿ ಕನ್ನಡಕ ತೆಗೆದು ಇಂಗ್ಲಿಷಿನಲ್ಲಿ ಕೇಳಿದರು, ಎಷ್ಟು ವರ್ಷದಿಂದ ಹಾಡುತ್ತಿದ್ದೀರಿ ಎಂದು. ಹಾಗೆಲ್ಲ ಮಾತಾಡಿಸುವ ನಿಯಮ ಇರಲಿಲ್ಲವೋ ಏನೋ, ದನಿ ತಗ್ಗಿಸಿದ್ದರು. ನಲವತ್ತು ವರ್ಷ ಎಂದರು ಕೋಕಿಲಾ. ಹಾಗಿದ್ದ ಮೇಲೆ ಈ ಮೊದಲ ಗ್ರೇಡ್ ನಿಮಗೆ ಯಾಕೆ ಬೇಕು ಎಂದು ಆಕೆ ಕೇಳಿದರು.

ಕೋಕಿಲಾ ತಮಗೆ ಬರುವ ಇಂಗ್ಲಿಷಿನಲ್ಲಿ ಹೇಳಿದರು, "ನನ್ನ ಹಾಡೋಕೆ ಬಿಡ್ಲಿ ಅಂತ."

ಫಲಿತಾಂಶ ಬರುವ ತನಕ ಮನೆಯಲ್ಲಿ ಅದರ ಸುದ್ದಿ ಎತ್ತುವ ಧೈರ್ಯ ಸತೀಶ್‌ಗೂ ಇರಲಿಲ್ಲ. ಬಂದಾಗ ಅಭಿನಂದನ್ ಫೋನಿನಲ್ಲಿ ಓದಿ ಹೇಳಿದ. ಮೊದಲ ಎರಡು ಪಾಠದಲ್ಲಿ ಫೇಲ್. ಮೂರನೆಯದು ಅಷ್ಟಕ್ಕಷ್ಟೆ. ಕೇಳಿ ಹಾಡಿದ್ದರಲ್ಲಿ ಪೂರ್ತಿ ಅಂಕ. ಒಟ್ಟು ಕೂಡಿದರೆ ಕೂದಲೆಳೆಯಲ್ಲಿ ಪಾಸು. ಕೆಡಿಸಿದ ಕಿವಿಯೇ ಕೈಹಿಡಿದು ಎತ್ತಿತ್ತು. ಕೋಕಿಲಾ ಫೋನ್ ಹಿಡಿದುಕೊಂಡೇ ಅತ್ತರು, ಆ ಕಡೆ ಹುಡುಗನೂ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

ಜೂನ್‌ನಲ್ಲಿ ಶಾಲೆ ತೆರೆದ ದಿನ ಆರಾಧನಾ ತನ್ನ ಕೋಣೆಗೆ ಕರೆಸಿ, ಎದ್ದು ನಿಂತು ಕೈಕುಲುಕಿದಳು. ಕೂರಿಸಿಕೊಂಡು ಬಾಯಿತುಂಬ ಹೊಗಳಿದಳು. ಆಮೇಲೆ ಅದೇ ಬೆಣ್ಣೆ ದನಿಯಲ್ಲಿ, "ಮುಂದಿನ ವರ್ಷ ಎರಡನೇ ಗ್ರೇಡ್ ಅಲ್ವಾ ಮೇಡಂ?" ಎಂದಳು.

ಕೋಕಿಲಾ ಅವಳನ್ನೇ ನೋಡಿದರು. ಸಿಟ್ಟು ನೆತ್ತಿಗೇರಿತ್ತು. ಆದರೆ ಕಾರಿಡಾರಿನ ಆ ತುದಿಯಲ್ಲಿ ಐದನೇ ಕ್ಲಾಸಿನ ಮಕ್ಕಳು ಮಿಸ್ ಬರಲಿಲ್ಲವೆಂದು ತಾವೇ ಹಾಡು ಶುರುಮಾಡಿಕೊಂಡಿದ್ದರು, ಒಬ್ಬೊಬ್ಬರು ಒಂದೊಂದು ಶ್ರುತಿಯಲ್ಲಿ.

"ಅದು ಮುಂದಿನ ವರ್ಷದ ಮಾತು. ಈಗ ನನ್ನ ಕ್ಲಾಸಿದೆ" ಎಂದು ಎದ್ದು, ಸೆರಗು ಸಿಕ್ಕಿಸಿಕೊಂಡು, ಆ ಗಲಾಟೆಯ ಕಡೆಗೆ ಬಿರಬಿರನೆ ನಡೆದರು.