ಮೂವತ್ತೆರಡು ಮೆಟ್ಟಿಲು

ತಿರುಮಲೇಶ್ವರ ಮೇಷ್ಟ್ರು ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸುವುದಿಲ್ಲ ಎಂಬುದೇ ಊರಿನವರಿಗೆ ಅವರ ಮೇಲಿದ್ದ ಮೊದಲ ದೂರು. ಕೊಡಗು ಆಗಿನ್ನೂ ತನ್ನ ಪಾಡಿಗೆ ತಾನೊಂದು ಪುಟ್ಟ ರಾಜ್ಯವಾಗಿತ್ತು. ಅಮ್ಮತ್ತಿಯಿಂದ ನಾಲ್ಕು ಮೈಲಿ ಒಳಗೆ, ಕಾಫಿ ತೋಟಗಳ ನಡುವೆ, ಗುಡ್ಡ ಕಡಿದು ಸಮತಟ್ಟು ಮಾಡಿದ ಜಾಗದಲ್ಲಿ ಅವರ ಮಿಡ್ಲ್ ಸ್ಕೂಲು. ಬೇರೆ ಶಾಲೆಗಳಿಂದ ಎರಡೊಂದ್ಲ ಎರಡು ಕೇಳಿಸಿದರೆ ಇಲ್ಲಿಂದ ಜಗಳ ಕೇಳಿಸುತ್ತಿತ್ತು. ಸೂರು ಹತ್ತದೆ ಹೆಂಚು ಎಷ್ಟಿವೆ ಹೇಳಿ, ಶಾಲೆಗೆ ದಿನಕ್ಕೆ ಎಷ್ಟು ಕೊಡ ನೀರು ಬೇಕು ಹೇಳಿ ಎಂದು ಮೇಷ್ಟ್ರು ಒಂದು ಪ್ರಶ್ನೆ ಎಸೆದು ಕೈಕಟ್ಟಿ ಕೂರುತ್ತಿದ್ದರು. ಮಕ್ಕಳು ಹೊರಗೆ ಓಡಿ, ಅಳೆದು, ಬಂದು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಪ್ಪೆನ್ನುತ್ತ ಕಿತ್ತಾಡುತ್ತಿದ್ದರು. ಸಂಬಳ ತಗೊಂಡು ಮಕ್ಕಳನ್ನು ಆಟಕ್ಕೆ ಬಿಡುವ ಮೇಷ್ಟ್ರು ಎಂದು ಊರು ಆಡಿಕೊಂಡಿತು.

ಹೀಗಾಗಲು ಒಂದು ಕಾರಣವಿತ್ತು. ಅವರ ತಂದೆ ತಿಮ್ಮಪ್ಪಯ್ಯ ಮಡಿಕೇರಿ ಹತ್ತಿರದ ಒಂದು ದೇವಸ್ಥಾನದಲ್ಲಿ ಪೂಜೆ ಮಾಡುತ್ತ, ಬಿಡುವಿನಲ್ಲಿ ಹುಡುಗರಿಗೆ ಲೆಕ್ಕ ಹೇಳಿಕೊಡುತ್ತಿದ್ದವರು. ಭಿನ್ನರಾಶಿಯಲ್ಲಿ ಭಾಗಿಸುವಾಗ ಯಾಕೆ ತಲೆಕೆಳಗು ಮಾಡಬೇಕು ಎಂದು ಮಗ ಒಮ್ಮೆ ಕೇಳಿದ. ಉತ್ತರ ಬೆತ್ತದಿಂದ ಬಂತು. ಹತ್ತು ವರ್ಷದ ಹುಡುಗ ಆ ದಿನವೇ ನಿಶ್ಚಯ ಮಾಡಿಕೊಂಡ: ನಾನು ಮೇಷ್ಟ್ರಾದರೆ, ಕೇಳಿದ ಮಗುವಿಗೆ ಕೂತುಕೋ ಅನ್ನುವುದಿಲ್ಲ. ಮೇಷ್ಟ್ರಾದ ಮೇಲೆ ಹದಿನಾಲ್ಕು ವರ್ಷ ಅವರು ಆ ಮಾತು ಉಳಿಸಿಕೊಂಡಿದ್ದರು. ದೊಡ್ಡ ಮನುಷ್ಯರೂ ಇಷ್ಟು ದಿನ ಮಾತು ಉಳಿಸಿಕೊಳ್ಳುವುದು ನಾನಂತೂ ಕಂಡಿಲ್ಲ.

ಕೇಳುವುದರಲ್ಲಿ ಎಲ್ಲರನ್ನೂ ಮೀರಿಸಿದವಳು ಏಳನೆಯ ತರಗತಿಯ ಜವರಿ. ಅವಳ ತಾಯಿ ಹುಚ್ಚಮ್ಮ ಹಾಸನದ ಕಡೆಯಿಂದ ಗಂಡನ ಜೊತೆ ಕುಶಾಲನಗರಕ್ಕೆ ಬಂದು, ಅಲ್ಲಿಂದ ತೋಟದ ಕೆಲಸಕ್ಕೆ ಇತ್ತ ಬಂದವಳು. ಗಂಡ ಜ್ವರದಲ್ಲಿ ಹೋದ ಮೇಲೆ ಶಾಲೆ ಗುಡಿಸಿ, ನೀರು ಹೊತ್ತು, ಶಾಲೆಯ ಕೆಳಗಿನ ಇಳಿಜಾರಿನಲ್ಲಿ ಒಂದು ಗುಡಿಸಲು ಹಾಕಿಕೊಂಡಿದ್ದಳು. ಇಳಿಜಾರಿನ ಬುಡದಲ್ಲಿ ಒರತೆ. ಒರತೆಯಿಂದ ಶಾಲೆಯ ಅಂಗಳಕ್ಕೆ ಮಣ್ಣಿನಲ್ಲಿ ಕಡಿದ ಮೆಟ್ಟಿಲು. ತಾಯಿ ಮಗಳು ಬೆಳಿಗ್ಗೆ ಸಂಜೆ ಆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು.

ಒರತೆಯ ಪಕ್ಕದಲ್ಲೇ ಒಂದು ಒಣಗಿದ ಮತ್ತಿ ಮರ. ಕೊಂಬೆ ಮುರಿದು ಬೀಳಲು ಶುರುವಾದ ಮೇಲೆ ಅದನ್ನು ಕಡಿಸಲು ಅಪ್ಪಣೆ ಸಿಕ್ಕಿತು. ಆ ಜನವರಿಯಲ್ಲಿ ಮರ ಕಡಿಯುವ ಮಾದ ಕೊಡಲಿ, ಹಗ್ಗ ಹಿಡಿದು ಬಂದ. ಅದೇ ದಿನ ಶಾಲೆಯ ತಪಾಸಣೆಗೆಂದು ಮಡಿಕೇರಿಯಿಂದ ಇನ್‌ಸ್ಪೆಕ್ಟರೂ ಬಂದರು. ಮೇಷ್ಟ್ರ ಮೇಲಿನ ದೂರು ಅವರ ಕಿವಿಗೂ ಬಿದ್ದಿತ್ತು.

ಮರದ ಒಂದು ಬದಿಗೆ ರಸ್ತೆ ಮತ್ತು ತಂತಿ, ಇನ್ನೊಂದು ಬದಿಗೆ ಬೇರೆಯವರ ಕಾಫಿ, ಕೆಳಗೆ ಒರತೆ. ಬೀಳಿಸುವುದಿದ್ದರೆ ಮೇಲಕ್ಕೆ, ಗುಡಿಸಲಿನ ದಿಕ್ಕಿಗೇ ಬೀಳಿಸಬೇಕು. ಬುಡದಿಂದ ಗುಡಿಸಲಿಗೆ ಎಪ್ಪತ್ತು ಅಡಿ. ಮರ ಎಷ್ಟು ಎತ್ತರ? ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿ ಸಿಗಬೇಕು. ಮೇಷ್ಟ್ರು ಇಡೀ ಏಳನೆಯ ತರಗತಿಯನ್ನು ಹೊರಗೆ ಕರೆತಂದರು.

ಮರದ ಎತ್ತರ ನೋಡಲು ಮಾದನಿಗೆ ಅವನದೇ ಒಂದು ರೀತಿ ಇತ್ತು. ಮರಕ್ಕೆ ಬೆನ್ನು ಮಾಡಿ ನಡೆಯುತ್ತ, ಆಗಾಗ ಬಗ್ಗಿ ಎರಡು ಕಾಲುಗಳ ಸಂದಿಯಿಂದ ಹಿಂದಕ್ಕೆ ನೋಡುವುದು. ಎಲ್ಲಿ ಬಗ್ಗಿದಾಗ ಮರದ ತುದಿ ಕಾಣುತ್ತದೋ ಅಲ್ಲಿಯವರೆಗೆ ಮರ ಬೀಳುತ್ತದೆ. ಅವನು ಗುಡ್ಡಕ್ಕೆ ಅಡ್ಡಡ್ಡ ನಡೆದು ಬಗ್ಗಿದಾಗ ಮಕ್ಕಳು ನಕ್ಕರು, ಇನ್‌ಸ್ಪೆಕ್ಟರೂ ನಕ್ಕರು. ಮೇಷ್ಟ್ರಿಗೆ ನಾಚಿಕೆಯಾಯಿತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ.

"ಇರಲಿ ಬಿಡು ಮಾದ," ಎಂದರು. "ನಮ್ಮ ಮಕ್ಕಳು ಹೇಳ್ತಾರೆ."

ಅಂಗಳದಲ್ಲಿ ನಾಲ್ಕು ಅಡಿಯ ಕೋಲು ನೆಟ್ಟರು. ಅದರ ನೆರಳು ಐದು ಅಡಿ. ಮರದ ನೆರಳು ಬುಡದಿಂದ ಇಳಿಜಾರಿನ ಮೇಲೆ ಹಾಸಿಕೊಂಡು ಕೊನೆಯ ಮೆಟ್ಟಿಲಿನವರೆಗೆ ಬಂದಿತ್ತು. ಹಗ್ಗ ಹಿಡಿದು ಅಳೆದರೆ ಎಂಬತ್ತು ಅಡಿ. ಐದಕ್ಕೆ ನಾಲ್ಕಾದರೆ ಎಂಬತ್ತಕ್ಕೆ ಎಷ್ಟು? ಮಕ್ಕಳು ಒಕ್ಕೊರಲಿನಿಂದ ಅರವತ್ತನಾಲ್ಕು ಎಂದರು. ಗುಡಿಸಲಿಗೆ ಇನ್ನೂ ಆರು ಅಡಿ ಬಾಕಿ. ಇನ್‌ಸ್ಪೆಕ್ಟರು ತಲೆದೂಗಿ, ಪುಸ್ತಕ ತೆಗೆದು ಏನೋ ಬರೆದುಕೊಳ್ಳತೊಡಗಿದರು.

ಆಗ ಜವರಿ ಕೈ ಎತ್ತಿದಳು. "ಸಾರ್, ಮರದ ನೆಳ್ಳು ಮೆಟ್ಲು ಹತ್ಕೊಂಡ್ ಬಂದದೆ. ಕೋಲಿನ್ ನೆಳ್ಳು ಹತ್ತಿಲ್ವಲ್ಲ?"

ಮೇಷ್ಟ್ರ ಕಿವಿಗೆ ಮಾತು ಬಿತ್ತು, ತಲೆಗೆ ಹೋಗಲಿಲ್ಲ. ಅವರ ಕಣ್ಣು ಇನ್‌ಸ್ಪೆಕ್ಟರ ಪೆನ್ನಿನ ಮೇಲಿತ್ತು. ಹದಿನಾಲ್ಕು ವರ್ಷ ಊರು ಆಡಿಕೊಂಡದ್ದಕ್ಕೆಲ್ಲ ಈ ಒಂದು ಸಾಲು ಉತ್ತರವಾಗಲಿತ್ತು.

"ಆಮೇಲೆ ನೋಡೋಣ. ಕೂತ್ಕೋ," ಎಂದರು.

ಜವರಿ ಕೂತಳು. ಕೂರಲು ಅಲ್ಲಿ ಬೆಂಚಿರಲಿಲ್ಲ, ನೆಲದ ಮೇಲೆಯೇ ಕುಕ್ಕರಿಸಿದಳು.

ಮಾದನಿಗೆ ಸಮಾಧಾನವಿರಲಿಲ್ಲ. "ಮೇಷ್ಟ್ರೇ, ತುದಿ ಮೊದ್ಲು ಇಳ್ಸಿ ನಾಳೆ ಬುಡಕ್ಕೆ ಕೈ ಹಾಕ್ತೀನಿ. ಇಲ್ಲಾಂದ್ರೆ ಆ ಅಮ್ಮನ್ನಾದ್ರೂ ಈಚೆಗೆ ಎತ್ಕೊಂಡ್ ಬರ್ಲಿ," ಎಂದ. ಹುಚ್ಚಮ್ಮನಿಗೆ ಮೂರು ದಿನದಿಂದ ಚಳಿಜ್ವರ, ಇದ್ದಬದ್ದ ಗೋಣಿಯನ್ನೆಲ್ಲ ಹೊದ್ದು ಒಳಗೆ ಮಲಗಿದ್ದಳು. ಇನ್‌ಸ್ಪೆಕ್ಟರ ಬಸ್ಸು ಒಂದು ಗಂಟೆಗೆ.

"ನಡುಗ್ತಾ ಮಲಗಿರೋಳನ್ನ ಯಾಕೆ ಎಬ್ಬಿಸ್ತೀಯ? ಆರು ಅಡಿ ಬಾಕಿ ಇದೆ," ಎಂದರು ಮೇಷ್ಟ್ರು. ಅದರಲ್ಲಿ ಕರುಣೆಯೂ ಇತ್ತು, ಸುಳ್ಳು ಹೇಳಬಾರದು.

ಮಾದ ಕಡಿದ. ಮರ ಗುಡಿಸಲಿನ ಮೇಲೆ ಬಿತ್ತು.

ಹುಲ್ಲು, ಬಿದಿರು ಸರಿಸಿ ಹುಚ್ಚಮ್ಮನನ್ನು ಹೊರಗೆ ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಜವರಿ ತಾಯಿಯ ಕಾಲಿನ ಹತ್ತಿರ ಕೂತಿದ್ದಳು. ಅಳಲಿಲ್ಲ, ಯಾರನ್ನೂ ಏನೂ ಕೇಳಲಿಲ್ಲ. ಅವಳು ಕೇಳದೆ ಕೂತದ್ದನ್ನು ಮೇಷ್ಟ್ರು ಹಿಂದೆಂದೂ ನೋಡಿರಲಿಲ್ಲ.

ಮಹಜರಿಗೆ ಬಂದ ಕಂದಾಯ ಕಚೇರಿಯ ಪಾರುಪತ್ಯಗಾರರು ಒಳ್ಳೆಯ ಮನುಷ್ಯ. ಮೇಷ್ಟ್ರ ಮುಖ ನೋಡಿ ಅವರಿಗೇ ಕನಿಕರವಾಯಿತೋ ಏನೋ, "ಮರ ಬೀಳುವಾಗ ಗಾಳಿ ಏನಾದರೂ ಇತ್ತೇ?" ಎಂದು ಕೇಳಿದರು. ಒಂದು ಎಲೆಯೂ ಅಲುಗದ ಮಧ್ಯಾಹ್ನ ಅದು.

"ಸ್ವಲ್ಪ ಇತ್ತು," ಎಂದರು ಮೇಷ್ಟ್ರು.

ಪಾರುಪತ್ಯಗಾರರು ಗಾಳಿ ಎಂದು ಬರೆದರು. ಮೇಷ್ಟ್ರು ರುಜು ಹಾಕಿದರು. ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಎಂದು ಯಾರೂ ಅವರಿಗೆ ಅನ್ನಲಿಲ್ಲ. ಅಂದಿದ್ದರೆ ಬಹುಶಃ ಅವರಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಮರವನ್ನು ತುಂಡು ಮಾಡುವ ಮೊದಲು ಮಾದ ಅಳೆದಿದ್ದ: ಎಪ್ಪತ್ತೊಂಬತ್ತು ಅಡಿ. ಒಂದು ವಾರದ ಮೇಲೆ ಮೇಷ್ಟ್ರು ಅವನನ್ನು ಹುಡುಕಿಕೊಂಡು ಹೋದರು.

"ಅವತ್ತು ನೀನು ಗುಡ್ಡಕ್ಕೆ ಅಡ್ಡ ಯಾಕೆ ನಡೆದೆ ಮಾದ?"

"ಮೇಲಕ್ಕೋ ಕೆಳಕ್ಕೋ ನಡೆದ್ರೆ ಮರ ಸುಳ್ಳು ಹೇಳ್ತದೆ ಮೇಷ್ಟ್ರೇ. ನಮ್ಮಪ್ಪ ಹೇಳಿದ್ದು."

ಮೇಷ್ಟ್ರು ಅಲ್ಲೇ ಒಂದು ದಿಮ್ಮಿಯ ಮೇಲೆ ಕೂತರು. ನೆರಳು ಇಳಿಜಾರು ಹತ್ತುವಾಗ ಗಿಡ್ಡವಾಗುತ್ತದೆ. ಹನ್ನೆರಡು ವರ್ಷದ ಹುಡುಗಿ ಅದನ್ನೇ ಅವರಿಗೆ ಹೇಳಿದ್ದಳು.

ಜವರಿಯನ್ನು ಅವಳ ಚಿಕ್ಕಮ್ಮ ದೊಡ್ಡಿ ಎಂಬವಳು ತಾನು ಕೂಲಿ ಮಾಡುವ ತೋಟದ ಲೈನಿಗೆ, ಆಳುಗಳ ಸಾಲುಮನೆಗೆ, ಕರೆದುಕೊಂಡು ಹೋಗಿದ್ದಳು. ಮತ್ತೊಂದು ಭಾನುವಾರ ಮೇಷ್ಟ್ರು ಅವಳ ಸ್ಲೇಟನ್ನು ಕಂಕುಳಲ್ಲಿ ಇಟ್ಟುಕೊಂಡು ಅಲ್ಲಿಗೆ ಆರು ಮೈಲಿ ನಡೆದರು. ಬಾ, ಶಾಲೆಗೆ ಬಾ, ನಮ್ಮ ಮನೆಯಲ್ಲೇ ಇರು ಎಂದು ಹೇಳಬೇಕು. ಹೆಂಡತಿ ಪದ್ಮಾಕ್ಷಿ ಒಪ್ಪಿದ್ದಳು. ಕ್ಷಮೆಯನ್ನೂ ಕೇಳಬೇಕು. ದಾರಿಯುದ್ದ ಮಾತು ಜೋಡಿಸಿಕೊಂಡರು.

ಕೊಯ್ಲಿನ ಕಾಲ, ಭಾನುವಾರವೂ ಕೆಲಸ. ಜವರಿ ಲೈನಿನ ಮುಂದೆ ಕಾಫಿ ಕೊಯ್ಯುವ ಬುಟ್ಟಿಗೆ ಹಗ್ಗ ಕಟ್ಟುತ್ತಿದ್ದಳು. ಅವರನ್ನು ಕಂಡು ಎದ್ದು ನಿಂತಳು. ಹಿಂದಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ಗುಡ್ಡ, ಒಂದು ಮರ, ಒಂದು ಗೆರೆ, ಕೆಲವು ಅಂಕಿಗಳಿದ್ದವು.

"ನಾನು ಮಾಡಿ ನೋಡ್ದೆ ಸಾರ್," ಎಂದಳು. "ಮೆಟ್ಲು ಮೂವತ್ತೆರಡು. ಒಂದೊಂದು ಅರ್ಧ ಅಡಿ. ಎಲ್ಲ ಸೇರಿ ಹದಿನಾರಡಿ ಮೇಲ್ಕೆ ಬಂದದೆ ನೆಳ್ಳು. ಅರವತ್ನಾಲ್ಕಕ್ಕೆ ಹದಿನಾರು ಕೂಡುದ್ರೆ ಎಂಬತ್ತು. ಮಾದಣ್ಣ ಎಪ್ಪತ್ತೊಂಬತ್ತು ಅಂದ. ಒಂದಡಿ ವ್ಯತ್ಯಾಸ. ಸರೀನಾ ಸಾರ್?"

ಹದಿನಾಲ್ಕು ವರ್ಷದಲ್ಲಿ ಅವರ ಯಾವ ವಿದ್ಯಾರ್ಥಿಯೂ ಇಷ್ಟು ಅಚ್ಚುಕಟ್ಟಾಗಿ ಒಂದು ಲೆಕ್ಕ ಮಾಡಿರಲಿಲ್ಲ. ಮೇಷ್ಟ್ರು ಗೋಡೆಯ ಮೇಲಿನ ಅಂಕಿಗಳನ್ನು ಒಂದೊಂದಾಗಿ ನೋಡಿದರು.

"ಸರಿ," ಎಂದರು.

"ಗಾಳಿ ಇತ್ತು ಅಂತ ಬರ್ಸಿದ್ರಂತೆ. ಗಾಳೀನ ಎಲ್ಲಿ ಸೇರುಸ್ಬೇಕು ಅಂತ ಗೊತ್ತಾಗ್ಲಿಲ್ಲ ಸಾರ್."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ. ತರಗತಿಯಲ್ಲಿ ಕೇಳುತ್ತಿದ್ದಂತೆಯೇ ಕೇಳಿದಳು. ಮೇಷ್ಟ್ರಿಗೆ ಅಳು ಬಂತು. ಮಕ್ಕಳ ಮುಂದೆ ಅವರು ಅತ್ತದ್ದು ಅದೇ ಮೊದಲು.

"ಗಾಳಿ ಇರಲಿಲ್ಲ ಜವರಿ. ನಿನ್ನನ್ನು ಕೂತ್ಕೋ ಅಂದದ್ದು ನನ್ನ ತಪ್ಪು."

ಅವಳು ತಲೆಯಾಡಿಸಿದಳು. ಸ್ಲೇಟು ತೆಗೆದುಕೊಳ್ಳಲಿಲ್ಲ. "ತೋಟದ ರೈಟ್ರು ಹಾಜ್ರಿ ಕರೀತಾರೆ ಸಾರ್," ಎಂದು ಬುಟ್ಟಿ ಸೊಂಟಕ್ಕೆ ಕಟ್ಟಿಕೊಂಡು ತೋಟದೊಳಗೆ ಹೋದಳು.

ಮಾರನೆಯ ದಿನವೇ ಮೇಷ್ಟ್ರು ಗಾಳಿಯಿರಲಿಲ್ಲ, ಲೆಕ್ಕ ತಪ್ಪಿತ್ತು, ಒಬ್ಬ ಹುಡುಗಿ ಅದನ್ನು ಮೊದಲೇ ಹೇಳಿದ್ದಳು ಎಂದು ಪಾರುಪತ್ಯಗಾರರ ಕಚೇರಿಗೆ ಬರೆದು ಕಳಿಸಿದರು. ಉತ್ತರ ಬರಲಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಕೊಡಗು ರಾಜ್ಯವೇ ಹೋಗಿ ಮೈಸೂರಿಗೆ ಸೇರಿತು. ಜವರಿ ಮತ್ತೆ ಶಾಲೆಗೆ ಬರಲಿಲ್ಲ.

ಮೇಷ್ಟ್ರು ಇನ್ನೂ ಹತ್ತೊಂಬತ್ತು ವರ್ಷ ಪಾಠ ಮಾಡಿದರು. ಪ್ರತಿ ಜನವರಿಯಲ್ಲಿ ಏಳನೆಯ ತರಗತಿಯ ಹಲಗೆಯ ಮೇಲೆ ಅದೇ ಲೆಕ್ಕ: ನಾಲ್ಕು ಅಡಿಯ ಕೋಲು, ಐದು ಅಡಿ ನೆರಳು, ಮರದ ನೆರಳು ಎಂಬತ್ತು. ಮಕ್ಕಳು ಅರವತ್ತನಾಲ್ಕು ಎನ್ನುತ್ತಿದ್ದರು. ಮೇಷ್ಟ್ರು ಸರಿ ಎನ್ನುತ್ತಿರಲಿಲ್ಲ, ತಪ್ಪು ಎನ್ನುತ್ತಿರಲಿಲ್ಲ. ಮರ ಎಲ್ಲಿತ್ತು ಸಾರ್, ನೆಲ ಹೇಗಿತ್ತು ಎಂದು ಯಾರಾದರೂ ಕೇಳಲಿ ಎಂದು ಸೀಮೆಸುಣ್ಣ ಹಿಡಿದು ನಿಂತೇ ಇರುತ್ತಿದ್ದರು. ಕೆಲವು ವರ್ಷ ಗಂಟೆ ಹೊಡೆದರೂ ಯಾರೂ ಕೇಳುತ್ತಿರಲಿಲ್ಲ.