ಉಪ್ಪಿನ ಗಾಡಿಗೆ ಹಾಕಿದ ಎಣ್ಣೆ

ಆ ಕಾಲಕ್ಕೆ ರೈಲು ನಂಜನಗೂಡಿಗೇ ನಿಂತುಬಿಡುತ್ತಿತ್ತು. ಉಪ್ಪು ಬರಲಿ, ಸೀಮೆಎಣ್ಣೆ ಬರಲಿ, ಅಲ್ಲಿಂದ ನರಸೀಪುರದ ಕಡೆಗೆ ಎತ್ತಿನ ಗಾಡಿಯೇ ಹೊರಬೇಕು. ನಂಜನಗೂಡಿನ ನಮ್ಮ ಬೀದಿಯಲ್ಲಿ ಮನೆಗೊಂದು ಗಾಡಿ. ಬೆಳಗಾದರೆ ಎತ್ತಿನ ಕೊರಳಗಂಟೆ, ಸಗಣಿಯ ವಾಸನೆ, ಎಣ್ಣೆಗೆ ಹರಳು ಹುರಿಯುವ ಹೊಗೆ. ಆ ಹೊಗೆ ಕುಡಿದು ಬೆಳೆದವರು ನಿಮ್ಮಲ್ಲೂ ಇದ್ದಾರು. ಒಮ್ಮೆ ಸೀರೆಗೆ ಹತ್ತಿದರೆ ಒಗೆದರೂ ಹೋಗುತ್ತಿರಲಿಲ್ಲ.

ಅಪ್ಪ, ಅವ್ವ ಇಬ್ಬರನ್ನೂ ಪ್ಲೇಗು ಕೊಂಡುಹೋಗಿತ್ತು. ಉಳಿದವರು ಅಣ್ಣಯ್ಯ ಮಾದೇವ, ನಾನು, ಕಿವಿ ಕೇಳದ ಅಜ್ಜಿ. ಅಣ್ಣಯ್ಯನಿಗೆ ಮೀಸೆ ಆಗತಾನೇ ಚಿಗುರುತ್ತಿತ್ತು. ಅವನು ಗಾಡಿ ಕಟ್ಟಿಕೊಂಡು ಹೋದ ದಿನ ನಾನು ಮಾತಾಡಲು ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಒಬ್ಬಳೇ ಅಳಗುಳಿಮಣೆ ಹಾಕಿಕೊಂಡು, ಎರಡೂ ಕಡೆಯ ಆಟ ನಾನೇ ಆಡುತ್ತಿದ್ದೆ. ಅವನು ವಾಪಸು ಬಂದ ಮೇಲೆ ಮನೆ ತುಂಬುತ್ತಿತ್ತು. ಮುದ್ದೆ ಮುರಿಯುತ್ತಾ ದಾರಿಯ ಕತೆ ಹೇಳುವನು. ಹದಿನಾರು ಎಂಬ ಊರಿನ ಕೆರೆಯ ಹಕ್ಕಿ, ಹೊಳೆ ಕೂಡುವ ಕಡೆ ಕಂಡ ತೆಪ್ಪ, ತಲಕಾಡಿನ ಮರಳಲ್ಲಿ ಗಾಲಿ ಹೂತವನ ಪಾಡು. ನಗಿಸಿ ನಗಿಸಿ ನನಗೆ ಬಿಕ್ಕಳಿಕೆ ಬರಿಸುತ್ತಿದ್ದ.

ನಮ್ಮ ಬೀದಿಯಲ್ಲೊಂದು ಕಟ್ಟಳೆ ಇತ್ತು. ಗಾಡಿಯ ಕೀಲೆಣ್ಣೆಯನ್ನು ಆಯಾ ಮನೆಯ ಹೆಂಗಸೇ ಕಾಯಿಸಿ, ಆಕೆಯೇ ಗಾಲಿ ತಿರುಗುವ ಅಚ್ಚಿಗೆ ಬಳಿಯಬೇಕು. ಬೇರೆಯವರು ಮುಟ್ಟುವ ಹಾಗಿಲ್ಲ, ಇಣುಕಿ ನೋಡುವ ಹಾಗೂ ಇಲ್ಲ, ದೃಷ್ಟಿಯಾಗುತ್ತದೆ. ಅವ್ವ ಹೋದ ಮೇಲೆ ಆ ಕೆಲಸ ನನ್ನದಾಯಿತು. ಶಾಲೆಗೆ ಹೋಗಿ ಕಲಿತ ಅಕ್ಷರ ಕೊಂಚವೇ, ಎಣ್ಣೆಯ ಪಾಠ ಮಾತ್ರ ಪೂರ್ತಿ ಬರುತ್ತಿತ್ತು. ಹುಲ್ಲು, ಮಡಕೆಯಂಥ ಹಗುರ ಹೇರಿಗೆ ಹೊಂಗೆಯೆಣ್ಣೆ ಬೆರೆಸಿದರೂ ನಡೆಯುತ್ತದೆ. ಚಳಿಗಾಲದಲ್ಲಿ ಬರೀ ಹರಳೆಣ್ಣೆ ಬಿಗಿಯುತ್ತದೆ, ಆಗಲೂ ಕೊಂಚ ಬೆರೆಸಬೇಕು. ಆದರೆ ಬೇಸಿಗೆಯಲ್ಲಿ ಉಪ್ಪಿನಂಥ ಭಾರ ಹೇರಿದರೆ ಹರಳೆಣ್ಣೆಯೇ ಆಗಬೇಕು. ಅದಕ್ಕೆ ಹುಲ್ಲು ಸುಟ್ಟ ಕರಿ ಕಲಸಿ ಬಳಿಯಬೇಕು. ಹೊಂಗೆಯೆಣ್ಣೆ ಬಿಸಿಗೆ ನೀರಾಗಿ ಸೋರಿಹೋಗುತ್ತದೆ.

“ಒಳ್ಳೆ ಎಣ್ಣೆ ಅಂದ್ರೆ ನಮ್ ನಂಜಿ ಇದ್ದಂಗೆ ಕಣವ್ವ,” ಎಂದು ನನ್ನನ್ನು ರೇಗಿಸುತ್ತಿದ್ದ ಅಣ್ಣಯ್ಯ. “ಅಂಟ್ಕೊಂಡ್ರೆ ಬಿಡಾಕಿಲ್ಲ.”

ಆ ಬೇಸಿಗೆಯಲ್ಲಿ ನರಸೀಪುರದ ಸಾವ್ಕಾರರು ಅಣ್ಣಯ್ಯನಿಗೆ ಮೊದಲ ಸಲ ಉಪ್ಪಿನ ಹೇರು ಕೊಟ್ಟರು. ಅಲ್ಲಿಯವರೆಗೆ ಅವನಿಗೆ ಹಗುರ ಹೇರೇ. ಈ ಹೇರು ನೆಟ್ಟಗೆ ಮುಟ್ಟಿದರೆ ಮಳೆ ಬೀಳುವ ತನಕ ಉಪ್ಪಿನ ಹೇರೆಲ್ಲ ಅವನದೇ ಎಂದರಂತೆ. ಅವನು ಕುಣಿಯುತ್ತಾ ಬಂದ.

“ನಂಜೀ, ಇನ್ನು ನಾನೂ ಭಾರದ ಗಾಡಿಯವ್ನು! ಬಂದಂಗೇ ತಿರ್ಗಾ ಓಯ್ತಾನೇ ಇರ್ಬೇಕು, ಮನೇಲಿ ಕುಂತ್ಕಳಾಕೆ ಪುರ್ಸೊತ್ತೇ ಇರಾಕಿಲ್ಲ.”

“ನಾನೊಬ್ಳೇ ಏನ್ ಮಾಡ್ಲಿ?”

“ಅಜ್ಜಿ ಕೂಡೆ ಜಗಳ ಆಡು. ಅದ್ಕೆ ಕೇಳ್ಸಾಕಿಲ್ಲ, ನೀನೇ ಗೆಲ್ತೀಯ.”

ಅವನು ನಕ್ಕ. ನನಗೆ ನಗು ಬರಲಿಲ್ಲ.

ಗಾಲಿ ಕಿರುಗುಟ್ಟಿದರೆ ಗಾಡಿಯವರು ಅರ್ಧ ದಾರಿಯಿಂದಲೇ ತಿರುಗಿಸಿಕೊಂಡು ಬರುವುದನ್ನು ನಾನು ಕಂಡಿದ್ದೆ. ಇದೊಂದು ಸಲ ಹಾಗಾಗಲಿ, ಹೇರು ಬೇರೆಯವರ ಪಾಲಾಗಲಿ, ಅಣ್ಣಯ್ಯ ಮನೆಗೆ ಬರಲಿ. ನನಗೆ ಹೊಳೆದದ್ದು ಅಷ್ಟೇ. ಹರಳೆಣ್ಣೆಯ ಕುಡಿಕೆಯನ್ನು ಮುಚ್ಚಿಟ್ಟು, ದೀಪಕ್ಕಿಟ್ಟಿದ್ದ ಹೊಂಗೆಯೆಣ್ಣೆ ತೆಗೆದೆ. ತೆಳ್ಳಗೆ ಕಾಣಬಾರದೆಂದು ಕರಿಯನ್ನು ಹೆಚ್ಚಿಗೆ ಕಲಸಿದೆ. ಮನೆಯಲ್ಲೆಲ್ಲ ದೀಪದ ಎಣ್ಣೆಯ ವಾಸನೆಯೇ ಆದ್ದರಿಂದ ಅವನ ಮೂಗಿಗೆ ಅದು ಬೇರೆಯಾಗಿ ತಿಳಿಯಲಿಲ್ಲ. ಅವನು ಅಚ್ಚಿನ ತುದಿಯ ಕಡಾಣಿ ಕಿತ್ತು ಗಾಲಿ ಸರಿಸಿ ಹಿಡಿದುಕೊಂಡ, ನಾನು ಅಚ್ಚಿಗೆ ಬಳಿದೆ.

“ಅವ್ವನ ಕೈಯೇ ನಿಂದು,” ಎಂದು ತಲೆ ಸವರಿ ಹೋದ.

ಮಾರನೆಯ ದಿನ ಇಳಿಹೊತ್ತಿನಲ್ಲಿ ಎತ್ತುಗಳನ್ನು ಹೊಡೆದುಕೊಂಡು ನಡೆದೇ ಬಂದ. ಗಾಡಿ ಇರಲಿಲ್ಲ. ನಾನು ಓಡಿಹೋದೆ. ಅವನು ನನ್ನನ್ನು ನೋಡದೆ ಎತ್ತುಗಳಿಗೆ ನೀರಿಡಲು ಹಿತ್ತಿಲಿಗೆ ಹೋದ.

ನಡೆದದ್ದನ್ನು ಹೇಳಿದವನು, ಅವನ ಹಿಂದೆಯೇ ಗಾಡಿ ಹೊಡೆದುಕೊಂಡು ಹೋಗಿದ್ದ, ಗಾಡಿಯವರ ಹಿರಿಯ ಕೆಂಪಣ್ಣ. ನಮ್ಮ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಹೇಳಿದ.

“ಹದಿನಾರು ಮುಟ್ಟೋಕ್ ಮುಂಚೇನೇ ಗಾಲಿ ಅಳ್ತಿತ್ತು. ‘ನಿಲ್ಸ್ಲಾ ಮಾದ, ತಿರುಗ್ಸ್ಲಾ’ ಅಂತ ಬಡ್ಕಂಡೆ. ‘ನಮ್ ನಂಜಿ ಬಳಿದಿರೋ ಎಣ್ಣೆ ಕಣಣ್ಣ, ಏನೂ ಆಗಾಕಿಲ್ಲ’ ಅಂದ್ಬುಟ್ಟು ಗಾಡಿ ಓಡಿಸ್ದ. ಕೆರೆ ಏರಿ ಮ್ಯಾಲೆ ಗಾಲಿ ಒಗೆ ಆಡ್ತು, ಕಿತ್ಕಂಡು ಓಯ್ತು. ಮೂಟೆ ಅಷ್ಟೂ ಕೆರೆಗೆ! ಉಪ್ಪು ಕಣವ್ವ, ಎತ್ತಿ ಒಣಗ್ಸಾಕೆ ರಾಗಿಯಾ?”

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದೆ.

“ಅಚ್ಚು ಒರೆಸಿ ಮೂಸ್ದೆ. ದೀಪದ ಎಣ್ಣೆ! ‘ಯಾರ್ಲಾ ಬಳ್ದೋರು ಇದ್ನ?’ ಅಂದ್ರೆ, ‘ದಾರೀಲಿ ನಾನೇ ಬಳ್ದೆ ಕಣಣ್ಣ’ ಅಂತಾನೆ. ಭಾರಕ್ಕೆ ಯಾವ್ದು, ದೀಪಕ್ಕೆ ಯಾವ್ದು ತಿಳೀದೋನು ಗಾಡಿ ಯಾಕ್ಲಾ ಕಟ್ಬೇಕು?”

ಕೊನೆಯ ಮಾತು ಹಿತ್ತಿಲಲ್ಲಿದ್ದ ಅಣ್ಣಯ್ಯನಿಗೆ. ಅವನು ತಿರುಗಿ ನೋಡಲಿಲ್ಲ, ಎತ್ತಿನ ಮೈ ಉಜ್ಜುತ್ತಲೇ ಇದ್ದ. ‘ನಾನು ಬಳಿದೆ’ ಎಂಬ ಮಾತು ನನ್ನ ಬಾಯಿಯ ತನಕ ಬಂದಿತ್ತು. ಕೆಂಪಣ್ಣ ಚಾವಟಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ನಾನು ಒಳಗೆ ಹೋಗಿ ಒಲೆಗೆ ಸೌದೆ ಇಟ್ಟೆ.

ಮುದ್ದೆ, ಉಪ್ಸಾರು ಬಡಿಸಿದೆ. ಅರ್ಧ ಉಂಡ ಮೇಲೆ ಅವನು ಹೇಳಿದ.

“ನಂಜಿ, ಇನ್ಮ್ಯಾಕೆ ಎಣ್ಣೆ ಕಾಯಿಸ್ಬ್ಯಾಡ.”

“ಯಾಕಣ್ಣಯ್ಯ?”

“ಬೇಕಾಗಾಕಿಲ್ಲ.”

ಅಷ್ಟೇ. ಅದಾದ ಮೇಲೆ ಆ ವಿಷಯ ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವನಿಗೆ ಮತ್ತೆ ಯಾರೂ ಹೇರು ಕೊಡಲಿಲ್ಲ. ಉಪ್ಪಿರಲಿ, ಮಡಕೆಯನ್ನೂ ಕೊಡಲಿಲ್ಲ. ಗಾಡಿ ಕಟ್ಟಿ ಹೋಗುವ ಹುಡುಗರು “ಏನಣ್ಣ, ದೀಪ ಅಚ್ಚಿದ್ಯಾ?” ಎಂದು ಕೂಗಿ ನಗುತ್ತಿದ್ದರು. ಮಳೆ ಬಿದ್ದ ಮೇಲೆ ಕೆಲವು ದಿನ ಕವಲಂದೆಯ ಕಡೆ ಹೊಲದ ಕೆಲಸಕ್ಕೆ ಹೋದ. ಉಳಿದ ದಿನವೆಲ್ಲ ಜಗಲಿಯಲ್ಲಿ ಕೂತಿರುತ್ತಿದ್ದ.

ನನ್ನನ್ನು ತಲಕಾಡಿಗೆ ಕೊಟ್ಟರು. ಅವನು ಸತ್ತ ಸುದ್ದಿ ಬಂದಾಗ ನಾನು ಬಾಣಂತಿ, ಮುಖ ನೋಡಲೂ ಆಗಲಿಲ್ಲ. ಈಗ ಆ ದಾರಿಯಲ್ಲಿ ಮೋಟಾರು ಲಾರಿ ಓಡುತ್ತದೆ. ಎಣ್ಣೆಯೂ ಡಬ್ಬಿಯಲ್ಲಿ ಬರುತ್ತದೆ, ಭಾರಕ್ಕೊಂದು, ಹಗುರಕ್ಕೊಂದು. ಹರಳು ಹುರಿಯುವ ಮನೆ ನಮ್ಮ ಬೀದಿಯಲ್ಲಿ ಒಂದೂ ಇಲ್ಲ. ಅದಕ್ಕೆ ನನಗೆ ದುಃಖವಿಲ್ಲ.

ಆ ಬೇಸಿಗೆ ನಾನು ಜಗಲಿಯಲ್ಲಿ ಅಣ್ಣಯ್ಯನ ಪಕ್ಕ ಹೋಗಿ ಕೂರುತ್ತಿದ್ದೆ. ಅವನು ಸರಿದು ಜಾಗ ಕೊಡುತ್ತಿದ್ದ. “ಏನಾರಾ ಕತೆ ಏಳಣ್ಣಯ್ಯ” ಎಂದರೆ, “ದಾರಿಗೆ ಓಗ್ದೋನಿಗೆ ಎಲ್ಲೀ ಕತೆ ಕಣವ್ವ” ಎನ್ನುತ್ತಿದ್ದ, ಮೆಲ್ಲಗೆ, ಸಿಟ್ಟಿಲ್ಲದೆ. ಮಳೆ ಬೀಳುವ ತನಕ ಅವನು ಮನೆ ಬಿಟ್ಟು ಕದಲಲಿಲ್ಲ. ನಾನು ಬೇಡಿಕೊಂಡದ್ದೂ ಅದನ್ನೇ.