ಜಯಮ್ಮನವರ ಎಡಗಣ್ಣು

ಮೂರು ವರ್ಷದ ಹಿಂದೆ ನಾನು ಹೆಬ್ಬಾಳದ ಒಂದು ಕಣ್ಣಾಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕನಾಗಿದ್ದೆ. ಕೆಂಪಾಪುರದ ಜಯಮ್ಮನವರು ಪರೀಕ್ಷೆಗೆ ಬಂದಾಗ ಅವರಿಗೆ ನಲವತ್ತನಾಲ್ಕು ವರ್ಷ. ಗಂಗಾನಗರದಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದರು. ಬಲಗಣ್ಣು ಹಿಂದೆ ಬೇರೆಡೆ ನಡೆದ ಆಪರೇಷನ್‌ನಲ್ಲಿ ಹೋಗಿತ್ತು. ಉಳಿದಿದ್ದ ಎಡಗಣ್ಣಿಗೂ ಪೊರೆ ಬಂದಿತ್ತು.

ಅದು ಹುಟ್ಟಿನಿಂದಲೇ ಬರುವ, ಅಪರೂಪದ ಪೋಸ್ಟೀರಿಯರ್ ಪೋಲಾರ್ ಕ್ಯಾಟರಾಕ್ಟ್. ಕಣ್ಣಿನ ಮಸೂರ ಒಂದು ತೆಳು ಚೀಲದೊಳಗೆ ಇರುತ್ತದೆ. ಇಂಥವರಲ್ಲಿ ಆ ಚೀಲದ ಹಿಂಬದಿ ತೀರ ದುರ್ಬಲ. ಸಾಮಾನ್ಯ ಆಪರೇಷನ್‌ನಲ್ಲಿ ಸಿರಿಂಜಿನಿಂದ ನೀರು ಹಾಯಿಸಿ ಮಸೂರವನ್ನು ಚೀಲದಿಂದ ಬಿಡಿಸುತ್ತೇವೆ. ಇಲ್ಲಿ ಹಾಗೆ ಮಾಡಿದರೆ ಚೀಲ ಒಡೆದು ಮಸೂರ ಕಣ್ಣಿನ ಆಳಕ್ಕೆ ಬೀಳಬಹುದು. ಬಲಗಣ್ಣಿನಲ್ಲಿ ಆದದ್ದು ಅದೇ ಎಂದು ಹಳೆಯ ಕಾಗದಗಳಲ್ಲಿತ್ತು. ಕೇಸ್ ಶೀಟಿನ ಮೇಲೆ ‘ನೀರು ಬೇಡ’ ಎಂದು ನಾನೇ ಕೆಂಪು ಶಾಯಿಯಲ್ಲಿ ಬರೆದೆ.

“ಬಲಗಣ್ ಮಾಡ್ದೋರು ಏನೂ ಆಗಲ್ಲ ಅಂದಿದ್ರು ಡಾಕ್ಟ್ರೇ,” ಎಂದರು ಜಯಮ್ಮ. “ನೀವು ಅಂಗನ್ಬೇಡಿ.”

ನಾನು ಹಾಗೆ ಅನ್ನಲಿಲ್ಲ.

ಆಪರೇಷನ್ ದಿನ ಬೆಳಗ್ಗೆ ಅವರದು ಏಳನೆಯ ಕೇಸ್. ಮೊದಲಿನ ಆರೂ ಸಾಮಾನ್ಯ ಪೊರೆಗಳು. ಕಣ್ಣನ್ನಷ್ಟೇ ಮರಗಟ್ಟಿಸಿದ್ದರಿಂದ ಜಯಮ್ಮ ಎಚ್ಚರವಾಗಿದ್ದರು. ಚೀಲದ ಮುಂಭಾಗ ತೆರೆದು, ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ ಬಲಗೈ ಚಾಚಿದೆ. ಕೇಳದೆಯೇ ಸಿರಿಂಜು ಅಂಗೈಗೆ ಬರುವುದು ನಮ್ಮ ಥಿಯೇಟರಿನ ರೂಢಿ. ಬರಲಿಲ್ಲ.

“ನೀರು, ಸಿಸ್ಟರ್.”

“ಸರ್, ನೀವೇ ಬೇಡ ಅಂತ ಬರ್ದಿದ್ದೀರಿ,” ಎಂದರು ಪಕ್ಕದಲ್ಲಿ ನಿಂತು ಉಪಕರಣ ಕೊಡುತ್ತಿದ್ದ ಶಾಂತಾ ಸಿಸ್ಟರ್, ಮೆಲ್ಲಗೆ.

ಕೈ ಚಾಚಿಯೇ ಇತ್ತು. ಅದನ್ನು ಹಿಂದಕ್ಕೆ ಎಳೆದುಕೊಂಡೆ.

“ಯಾಕ್ ಸುಮ್ನಾದ್ರಿ?” ಮುಖದ ಮೇಲಿನ ಬಟ್ಟೆಯ ಕೆಳಗಿನಿಂದ ಜಯಮ್ಮನವರ ದನಿ. “ಓಯ್ತಾ ಇದೂನೂ?”

“ಇಲ್ಲಮ್ಮ. ಅಲ್ಲಾಡ್ಬೇಡಿ.”

ಹದಿನೈದು ನಿಮಿಷದ ಕೆಲಸಕ್ಕೆ ಐವತ್ತು ನಿಮಿಷ ಹಿಡಿಯಿತು. ಮಸೂರವನ್ನು ಚೂರುಚೂರಾಗಿ ತೆಗೆದು, ಹಿಂಬದಿಗೆ ಅಂಟಿದ್ದ ಬಿಳಿ ಚುಕ್ಕೆಯನ್ನು ಕಡೆಗೆ ಉಳಿಸಿಕೊಂಡೆ. ಅದನ್ನೂ ಮೆಲ್ಲಗೆ ಎಬ್ಬಿಸಿದೆ. ಚೀಲ ಒಡೆಯಲಿಲ್ಲ; ಅದರೊಳಗೆ ಕೃತಕ ಮಸೂರ ಕೂರಿಸಿದೆ.

ಮರುದಿನ ಪಟ್ಟಿ ಬಿಚ್ಚಿದಾಗ ಅವರಿಗೆ ಮೊದಲು ಕಂಡವರು ಸಿಸ್ಟರ್. “ಅಯ್ಯೋ ಸಿಸ್ಟರೇ, ನಿಮ್ ಕೋಟಿನ್ ಒಲ್ಗೆ ಸೊಟ್ಟಗೈತಲ್ಲಾ! ಯಾವ ಮಹಾತ್ಮ ಒಲ್ದಿದ್ದು?”

ನಗು ಮುಗಿದ ಮೇಲೆ, ನನ್ನ ಕೈ ಮಾಡಹೊರಟಿದ್ದನ್ನೂ ಸಿಸ್ಟರ್ ತಡೆದದ್ದನ್ನೂ ಹೇಳಿದೆ. ಜಯಮ್ಮ ಸಿಸ್ಟರ್ ಕೈ ಹಿಡಿದುಕೊಂಡರು.

“ಆ ಬಲಗಣ್ಣಿನ್ ಒತ್ನಲ್ಲೂ ಇಂತೋರೊಬ್ರು ಪಕ್ದಲ್ಲಿದ್ದಿದ್ರೆ,” ಎಂದರು.

ಗೊತ್ತಿದ್ದೂ, ನಾನೇ ಬರೆದಿಟ್ಟೂ ನನ್ನ ಕೈ ಚಾಚಿತ್ತು. ಈಗ ಪ್ರತಿ ಕೇಸಿಗೂ ಮೊದಲು, ಮಾಡಬಾರದ್ದನ್ನು ಜೋರಾಗಿ ಹೇಳಿ, ನನ್ನನ್ನು ತಡೆಯುವವರು ಯಾರೆಂದು ಕೇಳುತ್ತೇನೆ. “ನಾನಿದ್ದೀನಿ ಸರ್” ಎಂದು ಯಾರಾದರೂ ಹೇಳುವವರೆಗೆ ಬ್ಲೇಡ್ ಮುಟ್ಟುವುದಿಲ್ಲ.